ಗಂಟು ನೋಡಿ ಕಡಿ

ಮೂಡುಬಿದಿರೆಯ ಮಗಳ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಎರಡು ಬಗೆಯ ಪಠಣ ನಡೆಯುತ್ತದೆ. ಒಳಗೆ ಮಗಳದ್ದು ಭಜನೆ. ಜಗಲಿಯಲ್ಲಿ ಆರನೆಯ ಕ್ಲಾಸಿನ ಮೊಮ್ಮಗಳದ್ದು ಇಂಗ್ಲಿಷ್ ಪದ. ‘ಟಿ ಆರ್ ಎ ಎನ್ ಎಸ್ ಪಿ ಓ ಆರ್ ಟಿ, ಟ್ರಾನ್ಸ್‌ಪೋರ್ಟ್, ಟ್ರಾನ್ಸ್‌ಪೋರ್ಟ್ ಅಂದ್ರೆ ಸಾಗಾಟ.’ ದಿನಕ್ಕೆ ಹತ್ತು ಪದ, ಐದು ದಿನಕ್ಕೆ ಐವತ್ತು, ಶನಿವಾರ ಡಿಕ್ಟೇಶನ್. ಐವತ್ತಕ್ಕೆ ನಲವತ್ತೆಂಟು ಬಂದ ಶನಿವಾರ ಅವಳಿಗೆ ಐಸ್‌ಕ್ರೀಮ್ ಕೂಡ ಸಿಕ್ಕಿತು. ಮುಂದಿನ ಬುಧವಾರ ಸುಮ್ಮನೆ ಕೇಳಿದೆ: ‘ಸಾಗಾಟಕ್ಕೆ ಇಂಗ್ಲಿಷಿನಲ್ಲಿ ಎಂತ ಹೇಳ್ತಾರೆ ಮಗಾ?’ ಅವಳು ನನ್ನ ಮುಖವನ್ನೇ ನೋಡಿದಳು. ‘ಅಜ್ಜ, ಅದು ಹೋದ ವಾರದ್ದು!’

ಅವಳ ಮೇಲೆ ಸಿಟ್ಟು ಬರಲಿಲ್ಲ. ಐವತ್ತು ಪದಗಳನ್ನು ಗೋಣಿಗೆ ತುಂಬಿಸಿದ ಹಾಗೆ ತುಂಬಿಸಿದರೆ ಶನಿವಾರ ಸುರಿದ ಮೇಲೆ ಗೋಣಿ ಖಾಲಿಯಾಗುವುದು ಸಹಜ. ಒಂದು ಪದಕ್ಕೂ ಇನ್ನೊಂದಕ್ಕೂ ನಂಟಿಲ್ಲ, ಪದಕ್ಕೂ ಮಗುವಿಗೂ ನಂಟಿಲ್ಲ. ಇಂಗ್ಲಿಷ್ ಬೇಕೋ ಬೇಡವೋ, ಯಾವ ತರಗತಿಯಿಂದ ಬೇಕು ಎಂದು ನಾವು ಅರ್ಧ ಶತಮಾನದಿಂದ ಜಗಳಾಡುತ್ತಿದ್ದೇವೆ. ಇಂಗ್ಲಿಷಿನ ಒಂದು ಪದವನ್ನು ಮಗು ತನ್ನದು ಮಾಡಿಕೊಳ್ಳುವುದು ಹೇಗೆ ಎಂಬ ಸಣ್ಣ ಪ್ರಶ್ನೆ ಮಾತ್ರ ಆ ಜಗಳದ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ.

ನಾನು ಮೇಷ್ಟ್ರಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷೊಂದರಲ್ಲೇ ಫೇಲಾದವನು. ಬಂಟ್ವಾಳ ತಾಲೂಕಿನ ಹಳ್ಳಿಯಿಂದ 1975ರಲ್ಲಿ ಆ ಮಾರ್ಕ್ಸ್ ಕಾರ್ಡ್ ಹಿಡಿದುಕೊಂಡು ಪೇಟೆಗೆ ಬಂದು ಒಂದು ಪ್ರೆಸ್ಸಿಗೆ ಸೇರಿದೆ. ಕೆಲವು ವರ್ಷದ ಮೇಲೆ ಬೆಳ್ತಂಗಡಿಯ ಇನ್ನೊಂದು ಪ್ರೆಸ್ಸಿಗೆ ಹೋದೆ. ಕಂಪ್ಯೂಟರ್ ಬಂದು, ಸೀಸದ ಮೊಳೆಗಳನ್ನೆಲ್ಲ ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕುವವರೆಗೂ ನನ್ನ ಕೆಲಸ ಮೊಳೆ ಜೋಡಿಸುವುದು. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್, ಬ್ರಹ್ಮಕಲಶದ ಆಮಂತ್ರಣ, ಸೊಸೈಟಿಗಳ ರಶೀದಿ ಪುಸ್ತಕ ಎಲ್ಲವೂ ಈ ಬೆರಳುಗಳ ನಡುವೆ ಅಕ್ಷರ ಅಕ್ಷರವಾಗಿ, ಅದೂ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗುಮುರುಗಾಗಿ ದಾಟಿ ಹೋಗಿವೆ.

ಕನ್ನಡದ ಮೊಳೆ ಜೋಡಿಸುವುದು ಒತ್ತು, ದೀರ್ಘ, ಕೊಂಬುಗಳ ಸಾಹಸ. ಇಂಗ್ಲಿಷ್ ಸುಲಭ ಎಂದು ನನಗೆ ಗರ್ವ. ಒಮ್ಮೆ ಒಂದು ಸಹಕಾರಿ ಸಂಘದ ಇಂಗ್ಲಿಷ್ ಆಡಿಟ್ ವರದಿ ಬಂತು. ‘ಕೋಆಪರೇಟಿವ್’ ಎಂಬ ಪದ ಸಾಲಿನ ತುದಿಗೆ ಬಂದು ಪೂರ್ತಿ ಹಿಡಿಸಲಿಲ್ಲ. ಸಿ, ಓ, ಓ, ಪಿ ಎಂದು ನಾಲ್ಕು ಮೊಳೆ ಇಟ್ಟು, ಹೈಫನ್ ಹಾಕಿ, ಉಳಿದದ್ದನ್ನು ಕೆಳಗಿನ ಸಾಲಿಗೆ ಇಳಿಸಿದೆ. ಪ್ರೂಫ್ ನೋಡಿದ ಪ್ರೆಸ್ಸಿನ ಧಣಿಗಳು ಕನ್ನಡಕ ಹಣೆಗೇರಿಸಿದರು. ‘ಎಂತ ಮಾರಾಯ, ಸೊಸೈಟಿಯವರನ್ನೆಲ್ಲ ಕೋಳಿಗೂಡಿಗೆ ಹಾಕಿದ್ದೀಯಲ್ಲ!’ ಕೂಪ್ ಎಂದರೆ ಕೋಳಿಗೂಡು ಎಂದು ನನಗೆ ಗೊತ್ತಾದದ್ದು ಆವತ್ತು.

‘ಬಿದಿರು ಎಲ್ಲಿ ಕಡೀತಿ?’ ಎಂದು ಕೇಳಿದರು. ‘ಗಂಟಿನ ಹತ್ತಿರ’ ಎಂದೆ. ‘ಪದಕ್ಕೂ ಗಂಟು ಉಂಟು. ಗಂಟು ನೋಡಿ ಕಡಿ. ಕೋ ಅಂದರೆ ಸಹ, ಒಟ್ಟಿಗೆ. ಆಪರೇಟ್ ಅಂದರೆ ಕೆಲಸ ಮಾಡುವುದು. ಕನ್ನಡದಲ್ಲಿ ಎಂತ ಹೇಳ್ತೇವೆ? ಸಹಕಾರ. ಸಹ ಬೇರೆ, ಕಾರ ಬೇರೆ. ಎರಡರಲ್ಲೂ ಗಂಟು ಒಂದೇ ಕಡೆ ಉಂಟು ನೋಡು.’

ಇಂಗ್ಲಿಷಿನಲ್ಲಿ ಫೇಲಾದ ಹುಡುಗನಿಗೆ ಆ ಮಧ್ಯಾಹ್ನ ಆದ ಉಪಕಾರವನ್ನು ಯಾವ ಗೈಡೂ ಮಾಡಿರಲಿಲ್ಲ. ಆಮೇಲೆ ಸಾಲಿನ ತುದಿ ಬಂದಾಗಲೆಲ್ಲ ಹೈಫನ್ ಎಲ್ಲಿ ಬೀಳಬೇಕೆಂದು ಹುಡುಕುವುದೇ ನನಗೆ ಪಾಠವಾಯಿತು. ಅದೇ ವರದಿಯ ‘ಆಡಿಟ್’ ತೆಗೆದುಕೊಳ್ಳಿ. ಅದರ ಬೇರು ಲ್ಯಾಟಿನ್‌ನಲ್ಲಿ ‘ಕೇಳು’ ಎಂಬ ಅರ್ಥದ ಧಾತು. ಹಿಂದೆ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು, ತಪಾಸಣೆ ಮಾಡುವವನು ಕೂತು ಕೇಳುತ್ತಿದ್ದ. ಆಡಿಯೊ, ಆಡಿಯೆನ್ಸ್, ಆಡಿಟೋರಿಯಂ ಎಲ್ಲ ಅದೇ ಕುಟುಂಬದವು. ನಮ್ಮ ಸೊಸೈಟಿಗಳ ಮಹಾಸಭೆಯಲ್ಲಿ ಈಗಲೂ ಕಾರ್ಯದರ್ಶಿ ಜಮಾಖರ್ಚು ಓದುತ್ತಾರೆ, ಸದಸ್ಯರು ಊಟದ ಹೊತ್ತು ನೋಡುತ್ತ ಕೇಳುತ್ತಾರೆ. ಪದದ ಹಳೆಯ ಅರ್ಥ ನಮ್ಮಲ್ಲಿ ಇನ್ನೂ ಜೀವಂತ ಇದೆ.

ನನ್ನ ಕಸುಬಿನೊಳಗೂ ಇಂಥ ಪದಗಳು ಬಿದ್ದುಕೊಂಡಿದ್ದವು. ಈಗ ಪಾಸ್‌ವರ್ಡ್ ಹಾಕುವಾಗ ಎಲ್ಲರೂ ‘ಅಪ್ಪರ್ ಕೇಸ್, ಲೋವರ್ ಕೇಸ್’ ಎನ್ನುತ್ತಾರಲ್ಲ, ಆ ಕೇಸ್ ನಮ್ಮ ಮರದ ಪೆಟ್ಟಿಗೆ. ದೊಡ್ಡಕ್ಷರದ ಮೊಳೆ ಮೇಲಿನ ಪೆಟ್ಟಿಗೆಯಲ್ಲಿ, ಚಿಕ್ಕಕ್ಷರದ್ದು ಕೆಳಗಿನದರಲ್ಲಿ. ‘ಸ್ಟೀರಿಯೊಟೈಪ್’ ಎಂಬುದು ಮೊದಲು ಅಚ್ಚಿನ ಗಟ್ಟಿ ಫಲಕದ ಹೆಸರು. ಗ್ರೀಕಿನ ‘ಸ್ಟೀರಿಯೊ’ ಎಂದರೆ ಗಟ್ಟಿ, ಘನ. ಬದಲಾಯಿಸಲಾಗದ ಅಚ್ಚು ಎಂಬಲ್ಲಿಂದ, ಜನರ ಬಗ್ಗೆ ಬದಲಾಗದ ಅಭಿಪ್ರಾಯ ಎಂಬ ಅರ್ಥಕ್ಕೆ ಅದು ಹೋಯಿತು. ಇದನ್ನು ನಾನು ಬಾಯಿಪಾಠ ಮಾಡಲಿಲ್ಲ, ಆದರೂ ಇವತ್ತಿನವರೆಗೆ ಮರೆಯಲಿಲ್ಲ.

ಧಣಿಗಳು ದೊಡ್ಡ ಇಂಗ್ಲಿಷ್ ಪಂಡಿತರೇನಲ್ಲ. ಅವರಿಗೆ ಗಟ್ಟಿಯಾಗಿದ್ದದ್ದು ಕನ್ನಡ ವ್ಯಾಕರಣ. ಇಲ್ಲೇ ಇರುವುದು ನನ್ನ ವಾದದ ಗಂಟು. ಪದ ಬಿಡಿಸುವ ವಿದ್ಯೆ ಕನ್ನಡ ಶಾಲೆಯ ಮಕ್ಕಳಿಗೆ ಹೊಸದಲ್ಲ. ‘ಬಿಡಿಸಿ ಬರೆಯಿರಿ’, ‘ವಿಗ್ರಹವಾಕ್ಯ ಬರೆಯಿರಿ’ ಎಂಬ ಪ್ರಶ್ನೆಗೆ ಉತ್ತರಿಸದೆ ಹೈಸ್ಕೂಲು ದಾಟಿದವರು ಯಾರಿದ್ದಾರೆ? ಸಂಧಿ, ಸಮಾಸ, ಕೃದಂತ, ತದ್ಧಿತಾಂತ ಎಲ್ಲವೂ ಗಂಟು ಗುರುತಿಸುವ ವಿದ್ಯೆಯೇ. ಬಡ ಎಂಬುದಕ್ಕೆ ‘ತನ’ ಸೇರಿದರೆ ಬಡತನ, ಗೆಳೆಯನಿಗೆ ‘ತನ’ ಸೇರಿದರೆ ಗೆಳೆತನ ಎಂದು ತಿಳಿದ ಮಗುವಿಗೆ ‘ಫ್ರೆಂಡ್’ ಹೇಗೆ ‘ಫ್ರೆಂಡ್‌ಶಿಪ್’ ಆಗುತ್ತದೆ ಎಂದು ಹೇಳಲು ಅರ್ಧ ನಿಮಿಷ ಸಾಕು. ಆದರೆ ನಮ್ಮಲ್ಲಿ ಕನ್ನಡದ ಪಿರಿಯಡ್ ಮುಗಿದು ಗಂಟೆ ಬಾರಿಸಿದ ಕೂಡಲೇ ಆ ವಿದ್ಯೆ ಪುಸ್ತಕದೊಂದಿಗೆ ಚೀಲದೊಳಗೆ ಹೋಗುತ್ತದೆ. ಇಂಗ್ಲಿಷ್ ಪಿರಿಯಡ್‌ನಲ್ಲಿ ಮಗು ಮತ್ತೆ ಬರಿಗೈಯಲ್ಲಿ ಕೂರುತ್ತದೆ.

ಮೊಮ್ಮಗಳಿಗೆ ನಾನು ಮೊದಲು ಹೇಳಿಕೊಟ್ಟದ್ದು ‘ಹಾರ’. ಸಂಸ್ಕೃತದಲ್ಲಿ ಅದರ ಧಾತುವಿಗೆ ಒಯ್ಯು, ತರು, ಕಸಿದುಕೋ ಎಂಬ ಅರ್ಥಗಳು. ಮುಂದೆ ಒಂದೊಂದು ಉಪಸರ್ಗ ಅಂಟಿಸುತ್ತ ಹೋದರೆ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ. ಉಣ್ಣುವುದರಿಂದ ಕೊಲ್ಲುವುದರವರೆಗೆ ಎಲ್ಲ ಒಂದೇ ಬುಡದಿಂದ. ಉಪಾಹಾರವೂ ಅಲ್ಲಿಂದಲೇ. ಹೋಟೆಲ್ ಬೋರ್ಡಿನಲ್ಲಿ ‘ಉಪಹಾರ’ ಎಂದು ಬರೆದರೆ ಅದು ಕಾಣಿಕೆಯಾಗುತ್ತದೆ, ತಿಂಡಿಯಾಗಲು ‘ಪ’ಕ್ಕೆ ದೀರ್ಘ ಬೇಕು. ನಾನಿದ್ದ ಪ್ರೆಸ್ಸಿನಿಂದ ಆ ದೀರ್ಘ ಇಲ್ಲದೆ ಒಂದೂ ಬಿಲ್‌ಬುಕ್ ಹೊರಗೆ ಹೋಗಿಲ್ಲ.

ಅದಾದ ಮೇಲೆ ‘ಪೋರ್ಟ್’. ಲ್ಯಾಟಿನ್‌ನಲ್ಲಿ ಹೊರು ಎಂದರ್ಥ. ಒಳಗೆ ಹೊತ್ತು ತಂದರೆ ಇಂಪೋರ್ಟ್, ಹೊರಗೆ ಒಯ್ದರೆ ಎಕ್ಸ್‌ಪೋರ್ಟ್, ಆಚೆ ಕಡೆಗೆ ದಾಟಿಸಿದರೆ ಟ್ರಾನ್ಸ್‌ಪೋರ್ಟ್, ನೋಡಿ ಬಂದ ಸುದ್ದಿಯನ್ನು ಹೊತ್ತು ತಂದರೆ ರಿಪೋರ್ಟ್, ಕೆಳಗಿನಿಂದ ಹೆಗಲು ಕೊಟ್ಟರೆ ಸಪೋರ್ಟ್, ಹೊರುವವನು ಪೋರ್ಟರ್. ಒಂದು ಸಂಜೆಗೆ ಆರು ಪದ. ನೋಟ್‌ಬುಕ್ಕಿನ ಲೆಕ್ಕಕ್ಕೆ ನಾಲ್ಕು ಕಡಿಮೆಯೇ ಆಯಿತು. ಆದರೆ ಅವು ‘ಹೋದ ವಾರದ್ದು’ ಆಗಲಿಲ್ಲ. ಅಡಿಕೆ ಮೂಟೆ ಹೊರುವವರನ್ನು ಕಂಡಾಗಲೆಲ್ಲ ಅವಳು ‘ಅಜ್ಜ, ಪೋರ್ಟ್, ಪೋರ್ಟ್’ ಎನ್ನುತ್ತಾಳೆ.

ವಿಜ್ಞಾನದ ಪುಸ್ತಕ ತೆರೆದರಂತೂ ಕನ್ನಡದ ಪದಗಳೇ ಇಂಗ್ಲಿಷಿನ ಗಂಟುಗಳನ್ನು ತೋರಿಸಿಕೊಡುತ್ತವೆ. ಸೂಕ್ಷ್ಮದರ್ಶಕ, ಮೈಕ್ರೊಸ್ಕೋಪ್. ತ್ರಿಕೋನಮಿತಿ, ಟ್ರಿಗನಾಮೆಟ್ರಿ: ತ್ರಿ, ಕೋನ, ಮಿತಿ ಮೂರೂ ತುಂಡು ಸರಿಸಮ. ದ್ಯುತಿಸಂಶ್ಲೇಷಣೆ ಎಂಬ ಪದವನ್ನು ಕಂಡು ನಗುವವರಿದ್ದಾರೆ. ಫೋಟೊ ಎಂದರೆ ದ್ಯುತಿ, ಬೆಳಕು. ಸಿಂಥೆಸಿಸ್ ಎಂದರೆ ಸಂಶ್ಲೇಷಣೆ, ಕೂಡಿಸುವುದು. ನಗುವ ಮೊದಲು ಬಿಡಿಸಿ ನೋಡಿದರೆ, ಆ ಕಷ್ಟದ ಕನ್ನಡ ಪದ ಕಷ್ಟದ ಇಂಗ್ಲಿಷ್ ಪದಕ್ಕೆ ಬೀಗದ ಕೈ ಎಂದು ತಿಳಿಯುತ್ತದೆ. ದಂತವೈದ್ಯನ ‘ದಂತ’ಕ್ಕೂ ಡೆಂಟಲ್‌ನ ‘ಡೆಂಟ್’ಗೂ, ಪಾದಚಾರಿಯ ‘ಪಾದ’ಕ್ಕೂ ಪೆಡೆಸ್ಟ್ರಿಯನ್‌ನ ‘ಪೆಡ್’ಗೂ ನಿಜವಾದ ರಕ್ತಸಂಬಂಧವೇ ಇದೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕೆಂದು ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಹೇಳಿದ್ದು 1786ರಲ್ಲಿ.

ತುಳುನಾಡಿನ ಮಗುವಿಗೆ ಇನ್ನೂ ಒಂದು ಮೇಲುಗೈ ಉಂಟು. ಮನೆಯಲ್ಲಿ ‘ಪಿಲಿ’ ಎನ್ನುವ ಮಗು ಶಾಲೆಯಲ್ಲಿ ‘ಹುಲಿ’ ಎನ್ನುತ್ತದೆ. ಹಳಗನ್ನಡದಲ್ಲಿ ಅದು ‘ಪುಲಿ’. ಪಕಾರ ಹೋಗಿ ಹಕಾರ ಬಂದದ್ದನ್ನು ನಾಲಗೆಯಲ್ಲೇ ಬಲ್ಲ ಮಗುವಿಗೆ ಪಿತೃವಿನ ಪಕಾರ ಇಂಗ್ಲಿಷಿನ ಫಾದರ್‌ನಲ್ಲಿ, ಪಾದದ ಪಕಾರ ಫುಟ್‌ನಲ್ಲಿ ಫಕಾರವಾದದ್ದು ವಿಚಿತ್ರ ಎನಿಸಲಾರದು. ತುಳು, ಕನ್ನಡ, ಕೊಂಕಣಿ, ಬ್ಯಾರಿ ಎಂದು ದಿನಕ್ಕೆ ಹತ್ತು ಸಲ ಭಾಷೆ ಬದಲಾಯಿಸುವ ನಮ್ಮ ಮಕ್ಕಳಿಗೆ ಪದಗಳನ್ನು ಹೋಲಿಸಿ ನೋಡುವುದು ಹುಟ್ಟಿನಿಂದ ಬಂದದ್ದು. ಬಸ್ಸಿನ ಬೋರ್ಡೇ ಸಾಕು. ಬೆಳ್ತಂಗಡಿ, ಉಪ್ಪಿನಂಗಡಿ, ಹಳೆಯಂಗಡಿ, ಪುಂಜಾಲಕಟ್ಟೆ, ಸಿದ್ದಕಟ್ಟೆ. ವಾಮದಪದವಿನ ‘ಪದವು’ ಮಾತ್ರ ನಮ್ಮ ಪದವಲ್ಲ, ಎತ್ತರದ ಬಯಲು. ನಾವು ದಿನಾ ಬಸ್ಸಿಳಿಯುವ ಬಿ.ಸಿ. ರೋಡ್ ಕೂಡ ಬಂಟ್ವಾಳ ಕ್ರಾಸ್ ರೋಡ್ ಎಂಬುದರ ಮೊಟಕು. ಮೂಡುಬಿದಿರೆಯಲ್ಲಿ ಮೂಡು ಉಂಟು, ಬಿದಿರು ಉಂಟು. ಧಣಿಗಳ ಬಿದಿರಿನ ಮಾತು ನೆನಪಾಗಲು ಇದಕ್ಕಿಂತ ಒಳ್ಳೆಯ ಊರು ನನಗೆ ಸಿಗಲಿಕ್ಕಿಲ್ಲ.

ಇಂಗ್ಲಿಷ್ ಎಂದರೆ ಎಲ್ಲೋ ದೂರದ್ದು ಎಂಬ ಹೆದರಿಕೆಗೂ ಪದದ ಮೂಲ ನೋಡುವುದೇ ಮದ್ದು. ಅಡಿಕೆ ತೋಟದ ನಡುವೆ ಬೆಳೆದ ಹುಡುಗ ‘ಅರೆಕಾನಟ್’ ಎಂಬುದರ ಸ್ಪೆಲ್ಲಿಂಗ್‌ಗೆ ತಡಕಾಡುತ್ತಾನೆ. ಆ ‘ಅರೆಕ’ ನಮ್ಮ ಅಡಿಕೆಯೇ, ಮಲೆಯಾಳದ ಅಡಕ್ಕವೇ. ಪೋರ್ಚುಗೀಸರ ಹಡಗು ಹತ್ತಿ ಯುರೋಪಿಗೆ ಹೋಗಿ ಕೋಟು ತೊಟ್ಟು ಬಂದಿದೆ. ‘ಕಾಯರ್’ ನಮ್ಮ ಕರಾವಳಿಯ ಹಗ್ಗ. ‘ಜ್ಯಾಕ್‌ಫ್ರೂಟ್’ನ ಜ್ಯಾಕ್ ಯಾವ ದೊರೆಯೂ ಅಲ್ಲ, ಮಲೆಯಾಳದ ಚಕ್ಕ. ತುಳುನಾಡಿನ ಪಾಡ್ದನಗಳನ್ನು ಸಂಗ್ರಹಿಸಿದ ಎ.ಸಿ. ಬರ್ನೆಲ್, ಹೆನ್ರಿ ಯೂಲ್ ಜತೆ ಸೇರಿ ಇಂಥ ಪದಗಳನ್ನು ಒಂದು ದೊಡ್ಡ ಕೋಶದಲ್ಲಿ ಕೂಡಿಹಾಕಿದ. ‘ಹಾಬ್ಸನ್-ಜಾಬ್ಸನ್’ ಎಂಬ ಆ ಕೋಶ 1886ರಲ್ಲಿ ಬಂತು. ಅದೇ ವರ್ಷ ಮಂಗಳೂರಿನಲ್ಲಿ ಮ್ಯಾನರ್‌ನ ತುಳು-ಇಂಗ್ಲಿಷ್ ನಿಘಂಟು ಅಚ್ಚಾಯಿತು. 1894ರಲ್ಲಿ ಕಿಟೆಲ್‌ನ ಕನ್ನಡ-ಇಂಗ್ಲಿಷ್ ನಿಘಂಟು, ಅದೂ ಮಂಗಳೂರಿನಲ್ಲೇ. ಎರಡು ಭಾಷೆಯನ್ನು ಎದುರುಬದುರು ಕೂರಿಸಿ ಪದ ಬಿಡಿಸುವ ಕೆಲಸ ಈ ಜಿಲ್ಲೆಯ ಮಣ್ಣಿಗೆ ಹಳೆಯದು.

ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರನ್ನು ನಾವು ಮಕ್ಕಳ ಹಾಡಿಗೆ ನೆನೆಯುತ್ತೇವೆ. ಅವರು ಶಾಲಾ ಇನ್‌ಸ್ಪೆಕ್ಟರಾಗಿ ಊರೂರು ಸುತ್ತಿದವರು, ಕಿಟೆಲ್ ಸಂಪಾದಿಸಿದ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಪರಿಷ್ಕರಿಸಿದವರೂ ಹೌದು. ಹಾವಿನ ಹಾಡು ಬರೆದ ಕೈಯೇ ಸಂಧಿ, ಸಮಾಸದ ಸೂತ್ರಗಳನ್ನೂ ತಿದ್ದಿತು. ಮಕ್ಕಳಿಗೆ ವ್ಯಾಕರಣ ಭಾರ ಎನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಈಗ ಎದುರು ವಾದ. ಗಂಟು ಕಂಡಲ್ಲೆಲ್ಲ ಗಂಟಲ್ಲ ಎಂದು ಇಂಗ್ಲಿಷ್ ಬಲ್ಲವರು ಹೇಳಿಯಾರು. ಒಪ್ಪುತ್ತೇನೆ. ಕಾರ್ಪೆಟ್‌ನಲ್ಲಿ ಕಾರೂ ಇಲ್ಲ, ಪೆಟ್ಟೂ ಇಲ್ಲ. ಗಲ್ಫಿಗೆ ಹೋದವರಿರುವ ನಮ್ಮ ಮನೆಮನೆಯಲ್ಲೂ ಇರುವ ಪಾಸ್‌ಪೋರ್ಟ್‌ನ ‘ಪೋರ್ಟ್’ ಹೊರುವ ಪೋರ್ಟ್ ಅಲ್ಲ, ಬಂದರು. ಬಿ.ಸಿ. ರೋಡ್ ದಾಟುವ ಗ್ಯಾಸ್ ಟ್ಯಾಂಕರ್‌ಗಳ ಬೆನ್ನಿನ ಮೇಲೆ ‘ಇನ್‌ಫ್ಲೇಮಬಲ್’ ಎಂದಿರುತ್ತದೆ. ‘ಇನ್’ ಎಂದರೆ ಅಲ್ಲ ಎಂದುಕೊಂಡು ಅದರ ಪಕ್ಕ ಬೀಡಿ ಹಚ್ಚಿದರೆ ಕಥೆ ಮುಗಿಯಿತು, ಏಕೆಂದರೆ ಅಲ್ಲಿ ಅದರ ಅರ್ಥ ಬೆಂಕಿ ಹತ್ತಿಕೊಳ್ಳುವಂಥದ್ದು ಎಂದೇ. ಹಾಗಾಗಿ ಊಹೆ ಮಾಡಿದ ಮೇಲೆ ನಿಘಂಟು ತೆರೆಯಲೇಬೇಕು. ಕತ್ತಿ ಹಿಡಿಯಲು ಕಲಿಸುವಾಗ ಕೈ ಕುಯ್ಯದ ಹಾಗೆ ಹಿಡಿಯಲೂ ಕಲಿಸುತ್ತೇವಲ್ಲ, ಹಾಗೆ.

ಇನ್ನೊಂದು ಮಾತು ಹೆಚ್ಚು ಗಟ್ಟಿಯಾದದ್ದು: ಪದ ಬಲ್ಲವನಿಗೆಲ್ಲ ಮಾತು ಬರುತ್ತದೆಯೇ? ಬರುವುದಿಲ್ಲ. ನಾನೇ ಸಾಕ್ಷಿ. ಸಾವಿರಾರು ಇಂಗ್ಲಿಷ್ ಪದಗಳ ಹುಟ್ಟು ಬಲ್ಲ ನಾನು ಇಂಗ್ಲಿಷಿನಲ್ಲಿ ಫೋನ್ ಬಂದರೆ ಈಗಲೂ ಮಗಳ ಕೈಗೆ ಕೊಡುತ್ತೇನೆ. ಮಾತಿಗೆ ಮಾತಾಡುವವರು ಬೇಕು, ಪದ ನೆಲೆಯೂರಲು ಕಥೆ ಪುಸ್ತಕ ಓದಬೇಕು. ಆದರೆ ಓದುವಾಗ ಪ್ರತಿ ಸಾಲಿಗೆ ಎರಡು ಗುರುತಿಲ್ಲದ ಪದ ಸಿಕ್ಕಿದರೆ ಮಗು ಪುಸ್ತಕ ಮುಚ್ಚುತ್ತದೆ. ಆ ಎರಡರಲ್ಲಿ ಒಂದನ್ನು ತಾನೇ ಬಿಡಿಸಿಕೊಂಡರೆ ಪುಟ ತಿರುವುತ್ತದೆ. ಪದ ಬಿಡಿಸುವ ವಿದ್ಯೆಯಿಂದ ನಾನು ಕೇಳುವುದು ಇಷ್ಟೇ, ಪುಟ ತಿರುವುವಷ್ಟು ಧೈರ್ಯ.

ರಾಜ್ಯದ ಕನ್ನಡ ಶಾಲೆಗಳಿಗೆ ಒಂದನೆಯ ತರಗತಿಯಿಂದ ಇಂಗ್ಲಿಷ್ ಬಂದದ್ದು 2007ರಲ್ಲಿ. 2019ರಿಂದ ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದವು. ನಮ್ಮ ಬಂಟ್ವಾಳ ತಾಲೂಕಿನ ದಡ್ಡಲಕಾಡಿನ ಸರ್ಕಾರಿ ಶಾಲೆಯನ್ನು ಊರಿನ ಯುವಕರು ಎತ್ತಿ ನಿಲ್ಲಿಸಿದಾಗಲೂ ಇಂಗ್ಲಿಷ್ ಕಲಿಕೆಯ ಭರವಸೆ ಕೊಟ್ಟೇ ಮಕ್ಕಳನ್ನು ಕರೆತರಬೇಕಾಯಿತು. ಹೆತ್ತವರ ಆಸೆಯನ್ನು ಬೈಯುವ ಹಕ್ಕು ನನಗಿಲ್ಲ. ಆದರೆ ಮಾಧ್ಯಮ ಬದಲಾದರೂ ಪದ ಕಲಿಸುವ ರೀತಿ ಅದೇ ದಿನಕ್ಕೆ ಹತ್ತರ ಪಟ್ಟಿಯಾಗಿದ್ದರೆ, ಮಗು ಗೋಣಿ ಬದಲಾಯಿಸಿದ ಹಾಗಾಯಿತು, ಅಷ್ಟೆ.

ಮಾಡಬೇಕಾದದ್ದಕ್ಕೆ ದೊಡ್ಡ ಆದೇಶವೇನೂ ಬೇಡ. ವಾರಕ್ಕೆ ಒಂದು ಪಿರಿಯಡ್, ಕನ್ನಡದ ಟೀಚರೂ ಇಂಗ್ಲಿಷಿನ ಟೀಚರೂ ಒಂದೇ ತರಗತಿಯಲ್ಲಿ ನಿಲ್ಲಲಿ. ವಿಜ್ಞಾನದವರು ಸೇರಿದರೆ ಇನ್ನೂ ಒಳ್ಳೆಯದು. ಕನ್ನಡದವರು ಒಂದು ಪದ ಬಿಡಿಸಲಿ, ಇಂಗ್ಲಿಷಿನವರು ಅದರ ಜೋಡಿಯನ್ನು ಬಿಡಿಸಲಿ. ಐವತ್ತು ಪದದ ನೋಟ್‌ಬುಕ್ ಬದಲು ಐದು ಕುಟುಂಬದ ನೋಟ್‌ಬುಕ್ ಇರಲಿ. ರೇಶನ್ ಕಾರ್ಡಿನ ಹಾಗೆ ಪುಟದ ತಲೆಯಲ್ಲಿ ಯಜಮಾನ, ಅಂದರೆ ಬೇರು, ಕೆಳಗೆ ಸದಸ್ಯರು. ಮಗುವಿಗೆ ಹೊಸ ಸದಸ್ಯ ಸಿಕ್ಕಿದಾಗಲೆಲ್ಲ ಹೆಸರು ಸೇರಿಸಲಿ. ಜೂನ್ ತಿಂಗಳಲ್ಲಿ ನಮ್ಮ ಯುವಕ ಮಂಡಲಗಳು, ಸೊಸೈಟಿಗಳು ಶಾಲೆಗಳಿಗೆ ಕೊಡೆ, ಚೀಲ, ತಟ್ಟೆ ಹಂಚುತ್ತವೆ. ಅದರ ಜತೆಗೆ ಪದದ ಮೂಲ ಕೊಡುವ ಒಂದು ಒಳ್ಳೆಯ ಇಂಗ್ಲಿಷ್ ನಿಘಂಟು, ಒಂದು ಕನ್ನಡ ನಿಘಂಟು ಕೊಟ್ಟರೆ ಕೊಡೆಗಿಂತ ಹೆಚ್ಚು ಮಳೆಗಾಲ ಬಾಳಿಕೆ ಬರುತ್ತವೆ.

ಕಳೆದ ಮಳೆಗಾಲ ಅಳಿಯ ತೋಟಕ್ಕೆ ಔಷಧಿ ಬಿಡುವ ತಯಾರಿಯಲ್ಲಿದ್ದರು. ಕೊಳೆರೋಗಕ್ಕೆ ಬೋರ್ಡೊ ದ್ರಾವಣ. ಬೋರ್ಡೊ ಎಂಬುದು ಫ್ರಾನ್ಸಿನ ಊರು, ಮೈಲುತುತ್ತು ಮತ್ತು ಸುಣ್ಣದ ಈ ಮಿಶ್ರಣ ಮೊದಲು ಅಲ್ಲಿನ ದ್ರಾಕ್ಷಿ ಬಳ್ಳಿಯನ್ನು ಕಾಪಾಡಿತು ಎಂದು ಮೊಮ್ಮಗಳಿಗೆ ಹೇಳುತ್ತಿದ್ದೆ. ಅವಳ ಕಣ್ಣು ಪಕ್ಕದ ಡಬ್ಬಿಯ ಮೇಲಿತ್ತು. ‘ಫಂಗಿಸೈಡ್. ಅದು ಯಾವ ಸೈಡ್, ಅಜ್ಜ?’ ಬದಿಯ ಸೈಡ್‌ಗೆ ಎಸ್, ಇದಕ್ಕೆ ಸಿ. ಇದರರ್ಥ ಕೊಲ್ಲುವುದು ಎಂದೆ. ಪೆಸ್ಟಿಸೈಡ್, ಇನ್ಸೆಕ್ಟಿಸೈಡ್, ಹರ್ಬಿಸೈಡ್ ಎಂದು ಅವಳ ರೇಶನ್ ಕಾರ್ಡಿಗೆ ಒಂದೇ ದಿನ ನಾಲ್ವರು ಸದಸ್ಯರು ಸೇರಿದರು.

ಎರಡು ದಿನ ಬಿಟ್ಟು ಬಂದಳು. ‘ಡಿಸೈಡ್‌ನಲ್ಲೂ ಅದೇ ಸಿ ಉಂಟು. ಅಲ್ಲಿ ಸಾಯುವುದು ಯಾರು?’

ಐವತ್ತು ವರ್ಷ ಅಕ್ಷರದೊಂದಿಗೆ ಬದುಕಿದವನಿಗೆ ಉತ್ತರ ಗೊತ್ತಿರಲಿಲ್ಲ. ಇಬ್ಬರೂ ನಿಘಂಟು ತೆರೆದು ಕೂತೆವು. ಆ ಲ್ಯಾಟಿನ್ ಧಾತುವಿಗೆ ಕೊಲ್ಲು ಎಂದೂ ಅರ್ಥ, ಕಡಿ ಎಂದೂ ಅರ್ಥ. ಡಿಸೈಡ್ ಎಂದರೆ ಅನುಮಾನವನ್ನು ಕಡಿದು ಬಿಸಾಡುವುದು. ನನಗೆ ಫಕ್ಕನೆ ಹೊಳೆಯಿತು. ನಮ್ಮ ‘ಖಂಡಿತ’ವೂ ಹಾಗೆಯೇ ಅಲ್ಲವೇ? ಖಂಡಿಸು ಎಂದರೆ ತುಂಡು ಮಾಡು. ಖಂಡಿತ ಎಂದರೆ ತುಂಡಾದದ್ದು, ಇನ್ನು ಅನುಮಾನ ಉಳಿಯದ್ದು. ಲ್ಯಾಟಿನ್‌ನವರೂ ನಾವೂ ಒಂದೇ ಕತ್ತಿ ಹಿಡಿದಿದ್ದೆವು.

ಅವಳು ಎರಡೂ ಪದಗಳನ್ನು ಎದುರುಬದುರು ಬರೆದುಕೊಂಡು ಪುಸ್ತಕ ಮುಚ್ಚಿದಳು. ‘ಇದು ಮುಂದಿನ ವಾರವೂ ನೆನಪಿರ್ತದಾ?’ ಎಂದು ಕೇಳಿದೆ.

‘ಖಂಡಿತ’ ಎಂದಳು.